ಒಂದೊಂದು ಕಿಟಕಿಗೂ ಒಂದೊಂದು ಲೆಕ್ಕ

ಇಂಗ್ಲೆಂಡಿನಲ್ಲಿ ಹಳೆ ಮನೆ ಕೊಂಡವರನ್ನು ಒಂದಲ್ಲ ಒಂದು ಚಳಿಗಾಲದಲ್ಲಿ ಕಿಟಕಿಯ ಚಿಂತೆ ಹಿಡಿದೇ ಹಿಡಿಯುತ್ತದೆ. ಶೆಫೀಲ್ಡಿನಲ್ಲಿ ನಾವಿರುವ ಬೀದಿ ವಿಕ್ಟೋರಿಯಾ ರಾಣಿಯ ಕೊನೆಗಾಲದ್ದು. ಗುಡ್ಡದ ಇಳಿಜಾರಿನುದ್ದಕ್ಕೂ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳು. ಪ್ರತಿಯೊಂದಕ್ಕೂ ಬೀದಿಯ ಕಡೆ ಮುಂಚಾಚಿದ ಒಂದು ಬೇ ಕಿಟಕಿ, ಅದರ ಮೇಲೆ ಮಲಗುವ ಕೋಣೆ, ಅದಕ್ಕೂ ಮೇಲೆ ಅಟ್ಟ. ನವೆಂಬರ್ ಬಂತೆಂದರೆ ಬೇಲಿಯ ಈಚೆ ಆಚೆ ಅದೇ ಮಾತು. ಎಲ್ಲವನ್ನೂ ಕಿತ್ತು ಜೋಡಿ ಗಾಜಿನ ಡಬಲ್ ಗ್ಲೇಜಿಂಗ್ ಹಾಕಿಸಿಬಿಡೋಣವೇ, ಎಷ್ಟಾದೀತು? ಇಡೀ ಮನೆಗೆ ಸೇರಿಸಿ ಒಂದೇ ಬೆಲೆ ಕೇಳುವ ಈ ಕ್ರಮ ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಕಿಟಕಿಗಳೆಲ್ಲ ಒಂದೇ ವಯಸ್ಸಿನವಲ್ಲ, ಅವಕ್ಕೆ ಬಂದಿರುವ ತೊಂದರೆಯೂ ಒಂದೇ ಅಲ್ಲ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಮುಂಭಾಗದಲ್ಲಿರುವುದು ಮನೆ ಕಟ್ಟಿದಾಗಿನ ಕಿಟಕಿಗಳು, ಮೇಲಕ್ಕೂ ಕೆಳಕ್ಕೂ ಜಾರುವ ಮರದ ಸ್ಯಾಶ್‌ಗಳು. ಹಿಂಭಾಗದವನ್ನು ನಮಗಿಂತ ಮುಂಚೆ ಇದ್ದ ಯಾರೋ ಮಾಲೀಕರು ತೆಗೆಸಿ ಬಿಳಿ ಪಿವಿಸಿ ಚೌಕಟ್ಟಿನ ಡಬಲ್ ಗ್ಲೇಜಿಂಗ್ ಹಾಕಿಸಿದ್ದಾರೆ. ಎರಡು ಗಾಜುಗಳ ನಡುವೆ ಸುತ್ತಲೂ ಓಡುವ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಟಾರ್ಚ್ ಬಿಟ್ಟರೆ ತಯಾರಾದ ವರ್ಷ ಸಣ್ಣಕ್ಷರದಲ್ಲಿ ಕಾಣುತ್ತದೆ, 1994. ಅಟ್ಟದ್ದು ಇವೆರಡಕ್ಕೂ ಸೇರದ ಒಂಟಿ ಗಾಜಿನ ಕಿಟಕಿ. ಅದರ ಕೆಳಗಿನ ಮರ ಬೆರಳೊತ್ತಿದರೆ ಒಳಕ್ಕೆ ಹೋಗುವಷ್ಟು ಲಡ್ಡಾಗಿದೆ.

ಮೊದಲು ಬಂದವರು ಒಂದು ದೊಡ್ಡ ಕಂಪನಿಯ ಮಾರಾಟಗಾರರು. ಲೇಸರ್ ಹಿಡಿದು ಅಳತೆ ತೆಗೆದರು, ಸೋಫಾದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದರು, ಇಡೀ ಮನೆಗೆ 15,800 ಪೌಂಡ್ ಅಂದರು. ರೂಪಾಯಿಯಲ್ಲಿ ಹದಿನೇಳು ಲಕ್ಷ ದಾಟುವ ಮೊತ್ತ. ನಾವು ಮುಖ ಮುಖ ನೋಡಿಕೊಂಡದ್ದೇ ತಡ, ಮ್ಯಾನೇಜರ್‌ಗೆ ಒಂದು ಫೋನ್ ಹೋಯಿತು, ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಆದರೆ ಆ ರಾತ್ರಿಯೇ ಸಹಿ ಹಾಕಬೇಕು. ಒಂದು ಫೋನ್ ಕರೆಗೆ ಅರ್ಧ ಕರಗುವ ಬೆಲೆಯನ್ನು ಯಾವ ಲೆಕ್ಕಕ್ಕೂ ಆಧಾರ ಮಾಡಿಕೊಳ್ಳಬಾರದು. ನಾವು ಸಹಿ ಹಾಕಲಿಲ್ಲ. ಊರಿನ ಸಣ್ಣ ಕಸುಬುದಾರರನ್ನು ಕರೆಸಿ, ಪ್ರತಿ ಕಿಟಕಿಗೂ ಬೇರೆ ಬೇರೆ ಸಾಲಿನಲ್ಲಿ ಬೆಲೆ ಬರೆದುಕೊಡಿ ಎಂದು ಕೇಳಿದೆವು. ಹಾಗೆ ಬರೆದುಕೊಡಲು ಒಪ್ಪದವರನ್ನು ಅಲ್ಲಿಗೇ ಬಿಟ್ಟೆವು.

ಗ್ಯಾಸ್ ಬಿಲ್ಲಿನಲ್ಲಿ ದುಡ್ಡು ವಾಪಸ್ ಬರುತ್ತದೆ ಎಂಬ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಅದನ್ನು ಕಾಗದದ ಮೇಲೆ ಇಟ್ಟು ನೋಡಬೇಕು. ಒಂಟಿ ಗಾಜಿನ ಕಿಟಕಿ, ಒಳಗಿಗೂ ಹೊರಗಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ, ಚದರ ಮೀಟರಿಗೆ ಸುಮಾರು 5 ವಾಟ್ ಶಾಖವನ್ನು ಹೊರಕ್ಕೆ ಬಿಡುತ್ತದೆ. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಜಾರಿಯಲ್ಲಿರುವ ಕಟ್ಟಡ ನಿಯಮದಂತೆ ಹಳೆ ಮನೆಗೆ ಹಾಕುವ ಹೊಸ ಕಿಟಕಿಗೆ ಈ ಅಂಕಿ 1.4 ಮೀರಬಾರದು, ಇಲ್ಲವೇ ಕಿಟಕಿ ಇಂಧನ ಉಳಿತಾಯದಲ್ಲಿ ‘ಬಿ’ ದರ್ಜೆಯದಾದರೂ ಆಗಿರಬೇಕು. ನಮ್ಮ ಬೇ ಕಿಟಕಿಯ ನಡುವಿನ ಸ್ಯಾಶ್ ಒಂದೂವರೆ ಚದರ ಮೀಟರಿನದು. ಚದರ ಮೀಟರಿಗೆ ಉಳಿಯುವ 3.6 ವಾಟನ್ನು ಇಲ್ಲಿಯ ಒಂದು ವರ್ಷದ ಚಳಿಗೆಲ್ಲ ಹರಡಿ ಗುಣಿಸಿದರೆ 260 ಯೂನಿಟ್ ಆಸುಪಾಸು ಸಿಗುತ್ತದೆ. ಬಾಯ್ಲರಿನಲ್ಲಿ ಪೋಲಾಗುವುದನ್ನೂ ಸೇರಿಸಿ 290 ಯೂನಿಟ್ ಗ್ಯಾಸ್ ಅನ್ನೋಣ. ಯೂನಿಟ್ಟಿಗೆ ಆರೂವರೆ ಪೆನ್ನಿಯಂತೆ ವರ್ಷಕ್ಕೆ 19 ಪೌಂಡ್. ಆ ಒಂದು ಕಿಟಕಿಗೆ 1,100 ಪೌಂಡ್ ಹಾಕಿದರೆ ಬಿಲ್ಲಿನಿಂದ ಅದು ತಿರುಗಿ ಬರಲು ಐವತ್ತೈದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಒಳಗಿನ ಗಾಜಿನ ಜೋಡಿಯನ್ನೇ ಒಂದೆರಡು ಸಲ ಬದಲಿಸಬೇಕಾಗಿರುತ್ತದೆ. ಉಳಿತಾಯವೊಂದನ್ನೇ ನಂಬಿ ಕಿಟಕಿಗೆ ಸಾಲ ಎತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದುಡ್ಡು ಉಳಿಸುವುದೇ ಗುರಿಯಾದರೆ ಮೊದಲು ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪಕ್ಕೆ ಶಾಖ ತಡೆಯುವ ಉಣ್ಣೆ ಹಾಸಬೇಕು, ನೆಲಹಲಗೆಯ ಸಂದುಗಳನ್ನೂ ಬಾಗಿಲಿನ ಅಂಚುಗಳನ್ನೂ ಮುಚ್ಚಬೇಕು. ಖರ್ಚು ಕಡಿಮೆ, ಫಲ ಅದೇ ವರ್ಷ.

ಹಾಗಿದ್ದರೂ ನಾವು ಬೇ ಕಿಟಕಿಗೆ ದುಡ್ಡು ತೆಗೆದಿಟ್ಟೆವು. ಅದಕ್ಕೆ ಕಾರಣ ನನ್ನ ಅತ್ತೆ.

ತೀರ್ಥಹಳ್ಳಿಯಿಂದ ಬಂದವರು ಒಂದು ಚಳಿಗಾಲ ಪೂರ್ತಿ ನಮ್ಮೊಂದಿಗಿದ್ದರು. ಬೀದಿ ನೋಡುವುದೆಂದರೆ ಅವರಿಗೆ ಇಷ್ಟ. ಊರಿನ ಮನೆಯಲ್ಲಿ ಹಲಸಿನ ಮರದ ಸರಳಿನ ಕಿಟಕಿಗೆ ಗಾಜೇ ಇಲ್ಲ, ಮಳೆಗಾಲದ ಇರಚಲು ಬಂದರೆ ಮರದ ಬಾಗಿಲು ಹಾಕಿದರಾಯಿತು. ಇಲ್ಲಿ ಬೇ ಕಿಟಕಿಯ ಕಮಾನಿನೊಳಗೆ ಕುರ್ಚಿ ಹಾಕಿಕೊಟ್ಟೆವು. ಥರ್ಮೋಸ್ಟಾಟ್ 20 ಡಿಗ್ರಿ ತೋರಿಸುತ್ತಿತ್ತು, ರೇಡಿಯೇಟರ್ ಮುಟ್ಟಿದರೆ ಬಿಸಿ. ಆದರೂ ಸ್ವಲ್ಪ ಹೊತ್ತಿಗೇ ಕುರ್ಚಿ ಎಳೆದುಕೊಂಡು ಗೋಡೆಗೆ ಬಂದುಬಿಡುತ್ತಿದ್ದರು. “ಅಲ್ಲಿ ಕೂತ್ರೆ ಬೆನ್ನು ಕೊರೀತದೆ ಮಾರಾಯ್ತಿ, ಯಾವ ಕಿಂಡೀನೂ ಕಾಣ್ಸದಿಲ್ಲ” ಎನ್ನುತ್ತಿದ್ದರು. ಕಿಂಡಿಯನ್ನು ಹುಡುಕಿ ಪ್ರಯೋಜನವಿರಲಿಲ್ಲ. ನಮ್ಮ ಮೈ ಸುತ್ತಲಿನ ಗಾಳಿಗಷ್ಟೇ ಅಲ್ಲ, ಎದುರಿರುವ ತಣ್ಣನೆಯ ಮೇಲ್ಮೈಗೂ ಶಾಖ ಕೊಡುತ್ತಿರುತ್ತದೆ. ಹೊರಗೆ ಸೊನ್ನೆ ಡಿಗ್ರಿ ಇರುವಾಗ ಒಂಟಿ ಗಾಜಿನ ಒಳಮೈ ಏಳೆಂಟು ಡಿಗ್ರಿಗೆ ಇಳಿದಿರುತ್ತದೆ. ಅದನ್ನು ಮುಟ್ಟಿದ ಗಾಳಿ ತಣಿದು ಭಾರವಾಗಿ ಕೆಳಕ್ಕೆ ಸುರಿದು ಕಾಲಬುಡದಲ್ಲಿ ಹರಡುತ್ತದೆ. ಥರ್ಮೋಸ್ಟಾಟ್ ಇರುವುದು ಒಳಗಿನ ಪಡಸಾಲೆಯಲ್ಲಿ, ಅದಕ್ಕೆ ಇದರ ಸುದ್ದಿಯೇ ಇಲ್ಲ. ಜೋಡಿ ಗಾಜು ಹಾಕಿದರೆ ಒಳಮೈ ಹದಿನಾರು ಹದಿನೇಳರ ತನಕ ಏರುತ್ತದೆ, ಅತ್ತೆ ಕಿಟಕಿಯ ಪಕ್ಕ ಕೂರಬಹುದು. ವರ್ಷಕ್ಕೆ 19 ಪೌಂಡ್ ಎಂಬ ಅಂಕಿಯಲ್ಲಿ ಈ ಕೂರುವಿಕೆ ಸೇರಿಲ್ಲ. ಹಾಗಾಗಿ ಪ್ರತಿ ಕಿಟಕಿಯ ಎದುರು ನಾನು ಬರೆದುಕೊಂಡ ಮೊದಲ ಪ್ರಶ್ನೆ, ಇದರ ಹತ್ತಿರ ಯಾರು ಕೂರುತ್ತಾರೆ, ಯಾರು ಮಲಗುತ್ತಾರೆ ಎಂಬುದು.

ನಮ್ಮಂಥ ಅಡುಗೆಯ ಮನೆಗಳಿಗೆ ಇನ್ನೊಂದು ಲೆಕ್ಕವಿದೆ. ಬೆಳಗ್ಗೆ ಕುಕ್ಕರಿನ ಸೀಟಿ, ಕುದಿಯುವ ಸಾರು, ಇಡ್ಲಿಯ ಹಬೆ, ಮಳೆಯ ದೆಸೆಯಿಂದ ಒಳಗೇ ಒಣಗುವ ಬಟ್ಟೆ. ಈ ತೇವವೆಲ್ಲ ಮನೆಯಲ್ಲಿ ಅತಿ ತಣ್ಣಗಿರುವ ಜಾಗವನ್ನು ಹುಡುಕಿಕೊಂಡು ಹೋಗಿ ಅಲ್ಲಿ ನೀರಾಗುತ್ತದೆ. ಒಂಟಿ ಗಾಜಿದ್ದಾಗ ಅದು ಗಾಜಿನ ಮೇಲೆ ಇಳಿದು ಕೆಳಗಿನ ಮರವನ್ನು ಕೊಳೆಸುತ್ತದೆ. ಒಳ್ಳೆಯ ಕಿಟಕಿ ಹಾಕಿ ಸಂದುಗಳನ್ನೆಲ್ಲ ಬಿಗಿದಿರೋ, ಅದೇ ತೇವ ಬೀರುವಿನ ಹಿಂದಿನ ಮೂಲೆಗೆ ಹೋಗಿ ಕಪ್ಪು ಬೂಷ್ಟು ಹಿಡಿಸುತ್ತದೆ. ಪರಿಚಯದ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಇದನ್ನು ಕಂಡಿದ್ದೇನೆ, ಹೊಸ ಕಿಟಕಿ ಹಾಕಿಸಿದ ಮೇಲೆ ಗೋಡೆ ಕೆಟ್ಟಿತು ಎಂಬ ದೂರು. ಹೊಸ ಚೌಕಟ್ಟಿನ ತಲೆಯಲ್ಲಿ ಟ್ರಿಕಲ್ ವೆಂಟ್ ಎಂಬ ಸಣ್ಣ ಗಾಳಿಸೀಳು ಇರಬೇಕೆಂದು ನಿಯಮವೇ ಹೇಳುವುದು ಇದಕ್ಕಾಗಿ. ಚಳಿ ಬರುತ್ತದೆಂದು ಅದಕ್ಕೆ ಟೇಪ್ ಅಂಟಿಸಬೇಡಿ. ಅಡುಗೆಮನೆಗೆ ಹೊರಗೆ ಗಾಳಿ ಬಿಡುವ ಒಳ್ಳೆಯ ಫ್ಯಾನನ್ನು ಕಿಟಕಿಯ ಬಜೆಟ್ಟಿನೊಳಗೇ ಸೇರಿಸಿ. ನಾವು ಅದಕ್ಕೆ 250 ಪೌಂಡ್ ಇಟ್ಟೆವು.

ಇನ್ನು ಮುಂಭಾಗದ ಹಳೆ ಸ್ಯಾಶ್‌ಗಳು. ಎಲ್ಲರೂ ಕಿತ್ತು ಬಿಸಾಡಿ ಎಂದದ್ದು ಇವುಗಳನ್ನೇ. ಮರಗೆಲಸದ ಒಬ್ಬರು ಮಾತ್ರ, ಬಿಚ್ಚಿ ನೋಡದೆ ಏನೂ ಹೇಳುವುದಿಲ್ಲ ಎಂದರು. ಒಳಗಿನ ಪಟ್ಟಿಯ ಬಣ್ಣವನ್ನು ಚೂರಿಯಿಂದ ಸೀಳಿ ಮೆಲ್ಲಗೆ ಎಬ್ಬಿಸಿದರು. ಕೆಳಗಿನ ಸ್ಯಾಶ್ ಹೊರಗೆ ಬಂತು. ಪಕ್ಕದ ಪೆಟ್ಟಿಗೆಯಲ್ಲಿ ಅಂಗೈಯುದ್ದದ ಒಂದು ಮರದ ಮುಚ್ಚಳ, ಹೊರಗಿನಿಂದ ನೋಡಿದರೆ ಇದೆಯೆಂದೇ ಗೊತ್ತಾಗದು. ಅದನ್ನು ತೆಗೆದು ಕೈ ಹಾಕಿ, ತುಕ್ಕು ಹಿಡಿದ ಉದ್ದನೆಯ ಎರಕದ ಕಬ್ಬಿಣದ ತೂಕವೊಂದನ್ನು ಎಳೆದರು. ಹತ್ತಿಯ ಹಗ್ಗ ಕೈಯಲ್ಲೇ ಪುಡಿಯಾಯಿತು. ಎರಡೂ ಬದಿಯ ತೂಕಗಳು ಸೇರಿ ಸ್ಯಾಶಿನ ಭಾರಕ್ಕೆ ಸರಿಸಮ. ಅದಕ್ಕೇ ಇಷ್ಟು ದೊಡ್ಡ ಕಿಟಕಿ ಮಗುವಿನ ಬೆರಳಿಗೂ ಏಳುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ. ಅವರು ದಬ್ಬಳವನ್ನು ಮರಕ್ಕೆ ಚುಚ್ಚುತ್ತಾ ಹೋದರು. ಪಕ್ಕದ ಕಂಬದಲ್ಲಿ ತುದಿ ಇಳಿಯಲೇ ಇಲ್ಲ. ಕೆಳಗಿನ ಅಡ್ಡಪಟ್ಟಿಯ ಎಡಮೂಲೆಯಲ್ಲಿ ಮಾತ್ರ ಸರಕ್ಕನೆ ಇಳಿಯಿತು. ಕೊಳೆತದ್ದು ಅಷ್ಟೇ. ಮರದ ತುದಿಯಲ್ಲಿ ಬೆಳವಣಿಗೆಯ ಉಂಗುರಗಳನ್ನು ತೋರಿಸಿದರು, ಒಂದಕ್ಕೊಂದು ಒತ್ತಿಕೊಂಡು ಕೂದಲೆಳೆಯಂತೆ ಕೂತಿದ್ದವು. ಚಳಿನಾಡಿನ ಕಾಡಿನಲ್ಲಿ ನಿಧಾನವಾಗಿ ಬೆಳೆದ ಪೈನ್ ಅದು. ಇವತ್ತು ಬೇಗ ಬೆಳೆಸಿ ಕಡಿಯುವ ಪೈನಿನಲ್ಲಿ ಆ ಗಟ್ಟಿತನ ಸಿಗುವುದಿಲ್ಲ. ನೂರಿಪ್ಪತ್ತು ವರ್ಷ ಮಳೆಗೆ ಮೈಯೊಡ್ಡಿ ನಿಂತ ಮರವನ್ನು ಒಂದು ಕೊಳೆತ ಮೂಲೆಗಾಗಿ ಕಸದ ಡಬ್ಬಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬರುವುದಿಲ್ಲ.

ಮೇಲಿನ ಸ್ಯಾಶಿನ ಎರಡೂ ಮೂಲೆಗಳಲ್ಲಿ ಕೆಳಕ್ಕೆ ಇಳಿಬಿದ್ದ ಸಣ್ಣ ಕೊಂಬುಗಳಿವೆ. ನಾನು ಅಲಂಕಾರ ಅಂದುಕೊಂಡಿದ್ದೆ. ಅದರ ಹಿಂದೆ ತೆರಿಗೆಯ ಕಥೆಯಿದೆ. ಇಂಗ್ಲೆಂಡಿನಲ್ಲಿ 1696ರಿಂದ 1851ರ ತನಕ ಕಿಟಕಿಗೇ ತೆರಿಗೆ ಇತ್ತು. ಗಾಜಿನ ಮೇಲೆ ಬೇರೆ ಸುಂಕವಿದ್ದು ಅದು 1845ರಲ್ಲಿ ಹೋಯಿತು. ಆಮೇಲೆ ದೊಡ್ಡ ಗಾಜುಗಳು ಅಗ್ಗವಾದವು, ಸ್ಯಾಶನ್ನು ಆರಾಗಿ ಎಂಟಾಗಿ ವಿಭಜಿಸುತ್ತಿದ್ದ ಮರದ ಕಡ್ಡಿಗಳು ಮಾಯವಾದವು. ಗಾಜು ಭಾರವಾಯಿತು, ಆಸರೆ ಕಡಿಮೆಯಾಯಿತು, ಮೂಲೆಯ ಕೀಲು ಬಿಡತೊಡಗಿತು. ಕೀಲನ್ನು ಬಲಪಡಿಸಲು ಬಡಗಿಗಳು ಪಕ್ಕದ ಪಟ್ಟಿಯನ್ನು ಸ್ವಲ್ಪ ಉದ್ದ ಬಿಟ್ಟರು. ಅದೇ ಈ ಕೊಂಬು. ಈಗ ಪ್ಲಾಸ್ಟಿಕ್ ಕಿಟಕಿಗಳಿಗೂ ಕೊಂಬನ್ನು ಅಂಟಿಸಿ ಮಾರುತ್ತಾರೆ, ಅದು ಯಾವ ಭಾರವನ್ನೂ ಹೊರುವುದಿಲ್ಲ.

ಹಳೆ ಸ್ಯಾಶಿಗೆ ಜೋಡಿ ಗಾಜು ಕೂರಿಸುವುದಕ್ಕೂ ಮಿತಿಯಿದೆ. ಸಾಮಾನ್ಯ ಡಬಲ್ ಗ್ಲೇಜಿಂಗ್ ಎಂದರೆ 4 ಮಿಲಿಮೀಟರಿನ ಎರಡು ಗಾಜು, ನಡುವೆ 16 ಮಿಲಿಮೀಟರ್ ಜಾಗ, ಅದರೊಳಗೆ ಆರ್ಗಾನ್ ಅನಿಲ. ಒಟ್ಟು 24. ಹಳೆಯ ಸಣ್ಣ ಮರದಲ್ಲಿ ಅಷ್ಟಕ್ಕೆ ಜಾಗವಿಲ್ಲ. ಭಾರವೂ ಹೆಚ್ಚು. ಒಂದು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ, ಎರಡು ಗಾಜು ಸೇರಿದರೆ 20 ಕಿಲೋ. ಕಬ್ಬಿಣದ ತೂಕದ ಜಾಗಕ್ಕೆ ಸೀಸದ್ದು ಬರಬೇಕು. ಜಪಾನಿನವರು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದ ನಿರ್ವಾತ ಗಾಜು ಈಗ ಇಲ್ಲೂ ಸಿಗುತ್ತದೆ. ಎರಡು ಗಾಜುಗಳ ನಡುವಿನ ಗಾಳಿಯನ್ನೇ ಹೀರಿ ತೆಗೆದು, ಅವು ಒಂದಕ್ಕೊಂದು ಅಂಟದಂತೆ ಸಾಸಿವೆಗಿಂತ ಸಣ್ಣ ಕಂಬಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಪೂರಾ ದಪ್ಪ ಒಂದು ಸೆಂಟಿಮೀಟರಿಗೂ ಕಡಿಮೆ. ಹಳೆ ಮರಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಕೊನೆಗೆ ಬೇ ಕಿಟಕಿಯ ಪೆಟ್ಟಿಗೆ ಚೌಕಟ್ಟನ್ನು ಉಳಿಸಿ, ಜಾರುವ ಸ್ಯಾಶ್‌ಗಳನ್ನು ಮಾತ್ರ ಹೊಸದಾಗಿ, ಗಟ್ಟಿ ಮರದಲ್ಲಿ, ಜೋಡಿ ಗಾಜಿಗೆ ತಕ್ಕ ದಪ್ಪದಲ್ಲಿ ಮಾಡಿಸುವುದೆಂದು ತೀರ್ಮಾನವಾಯಿತು. ತೆಗೆದ ಹಳೆ ಸ್ಯಾಶ್‌ಗಳ ಒಳ್ಳೆಯ ಮರ ಮೇಲಿನ ಕೋಣೆಯ ಕಿಟಕಿಗಳ ದುರಸ್ತಿಗೆ. ಮೂರು ಕಿಟಕಿಗೆ 3,300 ಪೌಂಡ್.

ಚೌಕಟ್ಟನ್ನು ಉಳಿಸಿದ್ದರಲ್ಲಿ ಇನ್ನೊಂದು ಲಾಭ. ಬೇ ಕಿಟಕಿಯ ಮರದ ಕಂಬಗಳು ಎಷ್ಟೋ ಮನೆಗಳಲ್ಲಿ ಮೇಲಿನ ಮಾಡಿನ ಭಾರವನ್ನೇ ಹೊತ್ತಿರುತ್ತವೆ. ಅದನ್ನು ಕಿತ್ತು ಟೊಳ್ಳು ಪ್ಲಾಸ್ಟಿಕ್ ಚೌಕಟ್ಟು ನಿಲ್ಲಿಸಿ, ಒಳಗೆ ಲೋಹದ ಕಂಬ ಕೊಡದೆ ಹೋದರೆ ಕೆಲವು ವರ್ಷಗಳಲ್ಲಿ ಮೇಲಿನ ಭಾಗ ಕುಸಿದು ಗೋಡೆ ಬಿರುಕು ಬಿಡುತ್ತದೆ. ಬೇ ಕಿಟಕಿಗೆ ಬೆಲೆ ಹೇಳುವವರನ್ನು ಭಾರ ಯಾವುದರ ಮೇಲೆ ನಿಲ್ಲುತ್ತದೆ ಎಂದು ಕೇಳಿ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಮೇಲಿನ ಮಲಗುವ ಕೋಣೆಯ ಎರಡು ಸ್ಯಾಶ್‌ಗಳ ತೊಂದರೆ ಚಳಿಗಿಂತ ಹೆಚ್ಚಾಗಿ ಸದ್ದು. ಗುಡ್ಡ ಹತ್ತುವ ಬಸ್ಸು ಗೇರ್ ಬದಲಿಸುವುದು ನಮ್ಮ ಕಿಟಕಿಯ ಕೆಳಗೇ. ಸದ್ದಿಗೆ ಡಬಲ್ ಗ್ಲೇಜಿಂಗಿಗಿಂತ ಸೆಕೆಂಡರಿ ಗ್ಲೇಜಿಂಗ್ ಮೇಲು. ಹಳೆ ಕಿಟಕಿಯನ್ನು ಮುಟ್ಟದೆ ಒಳಗಡೆ ಇನ್ನೊಂದು ಗಾಜಿನ ಚೌಕಟ್ಟು, ನಡುವೆ ಸಾಧ್ಯವಾದರೆ 100 ಮಿಲಿಮೀಟರ್ ಅಂತರ. ಆ ಅಗಲದ ಗಾಳಿ ಸದ್ದನ್ನು ತಡೆಯುವಷ್ಟು 16 ಮಿಲಿಮೀಟರ್ ತಡೆಯಲಾರದು. ಸಂರಕ್ಷಿತ ಪಟ್ಟಿಗೆ ಸೇರಿದ ಕಟ್ಟಡಗಳಲ್ಲಿ ಅನುಮತಿಯಿಲ್ಲದೆ ಕಿಟಕಿ ಬದಲಿಸಿದರೆ ಅದು ಅಪರಾಧವೇ ಆಗುತ್ತದೆ, ಅಂಥವರಿಗೂ ಕೌನ್ಸಿಲ್ ಸಾಮಾನ್ಯವಾಗಿ ಒಪ್ಪುವ ದಾರಿ ಇದು. ಹಗ್ಗ ಬದಲಿಸಿ, ಅಂಚಿಗೆ ಬ್ರಷ್ ಪಟ್ಟಿ ಕೂರಿಸಿ ಗಾಳಿ ನಿಲ್ಲಿಸಲು ಎರಡಕ್ಕೆ 800, ಒಳಗಿನ ಗಾಜಿಗೆ 900.

ಹಿಂಭಾಗದ 1994ರ ಕಿಟಕಿಗಳಲ್ಲಿ ಕೆಲವಕ್ಕೆ ಗಾಜುಗಳ ನಡುವೆ ಮಂಜು ಕಟ್ಟಿದೆ. ಒಳಗಿನಿಂದ ಒರೆಸಿದರೂ ಹೋಗದು, ಹೊರಗಿನಿಂದಲೂ ಹೋಗದು. ಅಂಚಿನ ಅಂಟು ಹಳತಾಗಿ ತೇವ ಒಳನುಸುಳಿದೆ. ಪಟ್ಟಿಯೊಳಗೆ ತುಂಬಿರುವ ತೇವ ಹೀರುವ ಕಾಳುಗಳು ಹೀರಿ ಹೀರಿ ಸೋತಿವೆ. ಮಾರಾಟಗಾರರು ಇದನ್ನು ಕಿಟಕಿ ಹೋದ ಲೆಕ್ಕಕ್ಕೆ ಬರೆದಿದ್ದರು. ಹೋದದ್ದು ಗಾಜಿನ ಜೋಡಿ ಮಾತ್ರ. ಚೌಕಟ್ಟು ನೇರವಾಗಿದೆ, ಬೀಗ ಬೀಳುತ್ತದೆ. ಒಂದು ಜೋಡಿಗೆ 120ರಂತೆ ನಾಲ್ಕಕ್ಕೆ 480 ಪೌಂಡ್. ಚೌಕಟ್ಟು ಉಳಿಸಿ ಗಾಜು ಮಾತ್ರ ಹಾಕಿದರೆ, ಕಿಟಕಿಯನ್ನು ನಿಯಮದಂತೆ ಹಾಕಿದೆ ಎಂದು ದೃಢಪಡಿಸುವ ಫೆನ್ಸಾ ಸರ್ಟಿಫಿಕೇಟಿನ ಗೊಡವೆಯೂ ಇಲ್ಲ. ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಕತ್ತಲಲ್ಲಿ ಮೇಣದಬತ್ತಿ ಹಚ್ಚಿ ಗಾಜಿನ ಹತ್ತಿರ ಹಿಡಿಯಿರಿ. ಎರಡು ಗಾಜಿಗೆ ನಾಲ್ಕು ಮೈ, ನಾಲ್ಕು ಜ್ವಾಲೆ ಕಾಣುತ್ತವೆ. ಅವುಗಳಲ್ಲೊಂದರ ಬಣ್ಣ ಬೇರೆಯಾಗಿದ್ದರೆ ಶಾಖವನ್ನು ಕೋಣೆಗೇ ತಿರುಗಿಸುವ ತೆಳು ಲೋಹದ ಲೇಪ ಇದೆ ಎಂದರ್ಥ. ನಾಲ್ಕೂ ಒಂದೇ ಬಣ್ಣದವಾದರೆ ದುಡ್ಡು ಕೊಡುವ ಮುಂಚೆ ಕೇಳಿ.

ಪೂರ್ತಿ ಹೊಸ ಕಿಟಕಿ ಬೇಕಾದದ್ದು ಅಟ್ಟಕ್ಕೊಂದೇ. ಅಲ್ಲಿ ಮಗಳು ಮಲಗುತ್ತಾಳೆ. ಬೆಂಕಿ ಬಿದ್ದರೆ ದಾಟಿ ಬರುವಷ್ಟು ತೆರೆಯಬೇಕು, ತೆರಪು 0.33 ಚದರ ಮೀಟರಿಗೆ ಕಡಿಮೆಯಾಗಬಾರದು, ಅಗಲವೂ ಎತ್ತರವೂ 450 ಮಿಲಿಮೀಟರಿಗೆ ಕಡಿಮೆಯಾಗಬಾರದು. ನೆಲದಿಂದ 800 ಮಿಲಿಮೀಟರಿನೊಳಗೆ ಗಾಜು ಬಂದರೆ ಅದು ಗಟ್ಟಿಗೊಳಿಸಿದ ಸುರಕ್ಷಾ ಗಾಜಾಗಿರಬೇಕು. ಕಿಟಕಿಗೆ 950 ಪೌಂಡ್, ಅಷ್ಟೆತ್ತರಕ್ಕೆ ಅಟ್ಟಣೆ ಕಟ್ಟಲು 650. ಆ ಅಟ್ಟಣೆ ನಿಂತಿರುವಾಗಲೇ ಮಾಡಿನ ಹಂಚು, ನೀರಿನ ದೋಣಿ ಎಲ್ಲವನ್ನೂ ನೋಡಿಸಿಬಿಡಬೇಕು. ಈ ಹೊಸ ಕಿಟಕಿಗೆ ಫೆನ್ಸಾ ಅಥವಾ ಅಂಥದೇ ಇನ್ನೊಂದು ಸಂಸ್ಥೆಯ, ಇಲ್ಲವೇ ಕೌನ್ಸಿಲಿನ ಸರ್ಟಿಫಿಕೇಟ್ ಬೇಕೇ ಬೇಕು. 2002ರ ಏಪ್ರಿಲ್ ನಂತರ ಬದಲಿಸಿದ ಕಿಟಕಿಗೆ ಕಾಗದವಿಲ್ಲದಿದ್ದರೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅಲ್ಲೇ ತಡೆಯುತ್ತಾರೆ.

ಎಲ್ಲ ಕೂಡಿದರೆ 7,330 ಪೌಂಡ್. ನಾನು ಬರೆದಿರುವ ಅಂಕಿಗಳೆಲ್ಲ ಶೇಕಡಾ 20 ವ್ಯಾಟ್ ಸೇರಿಸಿದವು. ನಿಮಗೆ ಬಂದ ಬೆಲೆಯಲ್ಲಿ ಅದಿದೆಯೇ ನೋಡಿ. ಮನೆಗೆ ಉಣ್ಣೆ ಹಾಸಿಸುವುದಕ್ಕೆ ಬ್ರಿಟನ್ ಸರ್ಕಾರ 2022ರಿಂದ ವ್ಯಾಟ್ ಬಿಟ್ಟಿದ್ದರೂ ಕಿಟಕಿಗೆ ಆ ರಿಯಾಯಿತಿ ಇಲ್ಲ. ಗೋಡೆಯ ಅಂಚಿನ ಪ್ಲಾಸ್ಟರ್, ಪರದೆಯ ಕಂಬಿ, ಬಿಚ್ಚಿದಾಗ ಸಿಗುವ ಕೊಳೆತ ಮರ, ಇವಕ್ಕೆಲ್ಲ ಹಳೆ ಮನೆಯಲ್ಲಿ ಶೇಕಡಾ 15 ಬೇರೆ ಇಡಬೇಕು, 1,100 ಪೌಂಡ್. ಅಲ್ಲಿಗೆ 8,430. ಫೋನ್ ಕರೆಯಲ್ಲಿ ಅರ್ಧಕ್ಕಿಳಿದ ಆ ಬೆಲೆಗಿಂತ ತುಸು ಹೆಚ್ಚೇ. ಆದರೆ ಇದರಲ್ಲಿ ಮನೆಯ ಮುಖ ಉಳಿಯುತ್ತದೆ, ಬಸ್ಸಿನ ಸದ್ದು ಹೋಗುತ್ತದೆ, ಅಡುಗೆಮನೆಗೆ ಫ್ಯಾನ್ ಬರುತ್ತದೆ. ಒಂದೇ ಸಲ ಕೊಡಬೇಕಾಗಿಯೂ ಇಲ್ಲ. ಅಟ್ಟ, ಹಿಂಭಾಗದ ಗಾಜು, ಫ್ಯಾನ್ ಮತ್ತು ಗಾಳಿ ನಿಲ್ಲಿಸುವ ಕೆಲಸ ಈ ಚಳಿಗಾಲಕ್ಕೆ ಮುಂಚೆ. ಬೇ ಕಿಟಕಿ ಮುಂದಿನ ಮೇ ತಿಂಗಳಿಗೆ, ಬಣ್ಣ ಒಣಗುವ ಬಿಸಿಲಿದ್ದಾಗ. ಬಸ್ಸಿನ ಸದ್ದಿನ ಗಾಜು ಅದರ ಬೆನ್ನಿಗೆ.

ಮುಂಗಡವನ್ನು ಕ್ರೆಡಿಟ್ ಕಾರ್ಡಿನಲ್ಲೇ ಕೊಡುತ್ತೇವೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ವಿಧಿಯಂತೆ, 100 ಪೌಂಡಿಗಿಂತ ಹೆಚ್ಚಿನ, 30,000 ಮೀರದ ಬೆಲೆಯ ವಸ್ತುವಿಗೆ ಸ್ವಲ್ಪ ಭಾಗವನ್ನು ಕಾರ್ಡಿನಲ್ಲಿ ಕೊಟ್ಟಿದ್ದರೂ, ಅಂಗಡಿ ಮುಚ್ಚಿಹೋದರೆ ಕಾರ್ಡಿನ ಕಂಪನಿ ಜವಾಬ್ದಾರಿ ಹೊರಬೇಕು. ಕಿಟಕಿ ಕಂಪನಿಗಳು ಮುಚ್ಚುವುದು ಇಲ್ಲಿ ಹೊಸದಲ್ಲ.

ಮರದ ಕಿಟಕಿ ಇಟ್ಟುಕೊಂಡವರು ಬಣ್ಣಕ್ಕೂ ದುಡ್ಡು ಎತ್ತಿಡಬೇಕು. ಆರೇಳು ವರ್ಷಕ್ಕೊಮ್ಮೆ ಹೊರಮೈಗೆ ಬಣ್ಣ, ಮಳೆ ಹೊಡೆಯುವ ಪಡುವಣ ಮುಖಕ್ಕೆ ಇನ್ನೂ ಬೇಗ. ಹಳೆಯ ಪದರಗಳಲ್ಲಿ ಸೀಸ ಇರುವ ಸಂಭವ ಹೆಚ್ಚು, ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು, ಒದ್ದೆ ಮಾಡಿಯೇ ಉಜ್ಜಬೇಕು. ನಾವು ವರ್ಷಕ್ಕೆ 150 ಪೌಂಡ್ ಬೇರೆ ಖಾತೆಗೆ ಹಾಕುತ್ತಿದ್ದೇವೆ. ಆ ಖಾತೆಯ ದುಡ್ಡನ್ನು ಬೇರೆ ಯಾವುದಕ್ಕೂ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಮಾತಾಗಿದೆ.